ಮೊಂಡು ಪೆನ್ಸಿಲ್

ತಾರೀಕು ಹದಿನಾಲ್ಕು, ಮಂಗಳವಾರ
ಬೆಳಗಿನ ಹತ್ತು ಗಂಟೆ

ಹಿಮದ ನೆತ್ತಿಯ ಮೇಲೆ ಗುಡಾರ ಹಾಕಿಕೊಂಡು ಕೂತಿರುವ ನಮ್ಮ ಮನೆಯ ಡಾಕ್ಟರಮ್ಮನಿಗೆ, ಬೋರ್ಡ್ ಮಾವನ ಆಶೀರ್ವಾದ.

ಇಲ್ಲಿ ಎಲ್ಲರೂ ಆರಾಮ ಎಂದು ಶುರು ಮಾಡಬೇಕೆಂದಿದ್ದೆ. ಸಿಟ್ಟು ನೆತ್ತಿಗೇರಿದಾಗ ಆರಾಮದ ಸುದ್ದಿ ಬರೆಯುವುದು ನನ್ನಿಂದ ಆಗುವುದಿಲ್ಲ. ನೀನು ಕಳಿಸಿದ ಏಳು ಹಾಳೆ ನಿನ್ನೆ ಬಂದವು. ಮೂರು ಸಲ ಅಳೆದೆ. ಮೂರು ಸಲವೂ ಸ್ಕೇಲನ್ನು ಮೇಜಿನ ಮೇಲೆ ಕುಕ್ಕಿದೆ.

ಸದ್ದಿಗೆ ನಿನ್ನ ಅಮ್ಮ ಓಡಿ ಬಂದು, ಯಾಕಣ್ಣ, ಸ್ಕೇಲು ನಿನಗೇನು ಮಾಡ್ತು ಅಂದಳು. ಎಲ್ಲವನ್ನೂ ಹೇಳಿಬಿಟ್ಟೆ. ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಮನುಷ್ಯನ ಮಿದುಳು ಎಲ್ಲಿ ಸೋಲುತ್ತದೆ ಎಂದು ಹುಡುಕಲು ನೀವು ಡಾಕ್ಟರುಗಳು ನಿಮ್ಮ ಮೇಲೆಯೇ ಪ್ರಯೋಗ ಮಾಡಿಕೊಳ್ಳುತ್ತಿದ್ದೀರಿ ಎಂಬುದನ್ನು ಇಷ್ಟು ದಿನ ಅವಳಿಂದ ಮುಚ್ಚಿಟ್ಟಿದ್ದೆ. ನೀನು ಅಲ್ಲಿನ ಜನಕ್ಕೆ ಮಾತ್ರೆ ಕೊಟ್ಟುಕೊಂಡಿದ್ದೀಯ ಎಂದೇ ಅವಳು ತಿಳಿದಿದ್ದಳು. ಈಗ ನನ್ನ ಎದುರಿಗೇ ಕೂತಿದ್ದಾಳೆ. ಕತ್ತೇ ಎತ್ತುತ್ತಿಲ್ಲ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಈ ಅಳೆಯುವ ಕೆಲಸ ಕೊಟ್ಟವಳು ನೀನು. ಮೇಲಿರುವ ಡಾಕ್ಟರುಗಳು ದಿನಾ ಬೆಳಗ್ಗೆ ಪೆನ್ಸಿಲ್ ಚೂಪು ಮಾಡಿ, ಬಾಯಿಗೆ ಹನಿ ನೀರು ಹಾಕುವ ಮೊದಲು, ‘ನನ್ನ ಕೈ ನನ್ನ ಮಾತು ಕೇಳುತ್ತದೆ’ ಎಂದು ಹತ್ತು ಸಾಲು ಬರೆಯುವುದು. ಒಬ್ಬರ ಹಾಳೆಯನ್ನು ಇನ್ನೊಬ್ಬರು ಅಲ್ಲೇ ನೋಡಿ, ಹತ್ತನೆಯ ಸಾಲು ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ಕೆಳಗೆ ಜಾರಿದರೆ ಬರೆದವರು ಅವತ್ತೇ ಕೆಳಗಿನ ಬಿಡಾರಕ್ಕೆ ಇಳಿಯುವುದು. ನಿಯಮ ಮಾಡಿದವಳೂ ನೀನೇ. ಒಂದೊಂದು ಅಕ್ಷರವನ್ನೂ ಆಮೇಲೆ ಕೂಲಂಕಷವಾಗಿ ಅಳೆಯುವವರು ಮಾತ್ರ ಊರಲ್ಲಿರಬೇಕು ಮಾವ, ಮೇಲಿದ್ದವರ ಕಣ್ಣೂ ಅದೇ ಗಾಳಿ ಕುಡಿದಿರುತ್ತೆ, ಅಂದಿದ್ದೆ. ನಲವತ್ತು ವರ್ಷ ಅಂಗಡಿಗಳ ಬೋರ್ಡ್ ಬರೆದವನಿಗೆ ಇದಕ್ಕಿಂತ ದೊಡ್ಡ ಪದವಿ ಯಾರು ಕೊಡುತ್ತಾರೆ? ಯಾಕೆ ಅಳೆಯುತ್ತೇನೆ ಅನ್ನುವುದೊಂದನ್ನು ಬಿಟ್ಟು, ಬೀದಿಗೆಲ್ಲ ಸಾರಿಕೊಂಡು ತಿರುಗಿದೆ. ಬಣ್ಣದ ಅಂಗಡಿಯವನು ಈಗಲೂ ನನ್ನನ್ನು ಕಂಡರೆ, ಬನ್ನಿ ವಿಜ್ಞಾನಿಗಳೇ, ಬ್ರಷ್ ಬೇಕಾ ಅಂತ ಕಾಲೆಳೆಯುತ್ತಾನೆ.

ಹೋದ ತಿಂಗಳು ನಿನ್ನ ಜೊತೆಯ ಆ ಉದ್ದನೆಯ ಡಾಕ್ಟರು, ನೀನು ಕೊಕ್ಕರೆ ಅಂತ ಕರೆಯುವವರು, ಐದು ಮಿಲಿಮೀಟರ್ ಜಾರಿದರು. ಒಂದೇ ಒಂದು ದಿನ ಬಿಟ್ಟುಬಿಡಿ ಅಂತ ಗೋಗರೆದರಂತೆ. ನಾನು ನೋಡೋದು ಹಾಳೇನ, ನಿಮ್ಮ ಮುಖಾನ ಅಲ್ಲ ಅಂತ ಹೇಳಿ ನೀನೇ ಅವರನ್ನು ಕೆಳಗಿನ ಬಿಡಾರಕ್ಕೆ ಬಿಟ್ಟು ಮತ್ತೆ ಹತ್ತಿದೆ. ಓದಿ ಎದೆ ಉಬ್ಬಿತ್ತು. ಈಗ ಮೇಲಿರುವುದು ನೀನು ಮತ್ತು ಅಡುಗೆಯಣ್ಣ, ಇಬ್ಬರೇ. ನಿನ್ನ ಹಾಳೆ ನೋಡುವವರು ಯಾರು?

ಈ ಏಳು ಹಾಳೆಗಳು ಮುತ್ತು ಪೋಣಿಸಿದ ಹಾಗಿವೆ. ಕೂದಲೆಳೆಯಷ್ಟೂ ಜಾರಿಲ್ಲ. ಮೊದಲು ಖುಷಿಪಟ್ಟೆ. ಆಮೇಲೆ ಸಾಲಾಗಿ ಹರವಿ ನೋಡಿದೆ. ಸೋಮವಾರದ ಮೊದಲ ಸಾಲು ಸೂಜಿಯಲ್ಲಿ ಗೀರಿದಷ್ಟು ತೆಳ್ಳಗಿದೆ. ಅಲ್ಲಿಂದ ಸಾಲಿನಿಂದ ಸಾಲಿಗೆ ದಪ್ಪವಾಗುತ್ತ, ಮಂಗಳವಾರ ಇನ್ನಷ್ಟು, ಬುಧವಾರ ಮತ್ತಷ್ಟು, ಐದನೇ ತಾರೀಕು ಭಾನುವಾರದ ಕೊನೆಯ ಸಾಲು ಇದ್ದಿಲಿನಲ್ಲಿ ಬರೆದಂತಿದೆ. ಏಳು ದಿನದಲ್ಲಿ ಒಂದು ಸಲವೂ ಪೆನ್ಸಿಲ್ ಚೂಪು ಮಾಡಿಲ್ಲ. ಅಂದರೆ ಅವು ಏಳು ದಿನದ ಹಾಳೆಗಳೇ ಅಲ್ಲ. ಕೊಕ್ಕರೆಯನ್ನು ಬಿಡಲು ಇಳಿದಾಗ, ಕೈ ನೆಟ್ಟಗಿದ್ದಾಗ, ಕೂತಲ್ಲೇ ಎಪ್ಪತ್ತು ಸಾಲೂ ಬರೆದು, ಮುಂದಿನ ತಾರೀಕು ಹಾಕಿ, ಕಿಸೆಯಲ್ಲಿಟ್ಟುಕೊಂಡು ಹತ್ತಿದ್ದೀಯ. ಮೇಲೆ ನಿಜವಾಗಿ ಬರೆದವು ಎಲ್ಲಿ? ಒಲೆಗೆ ಹಾಕಿದೆಯಾ?

ನಿನ್ನ ಸಂಕಟ ನನಗೆ ಗೊತ್ತಿಲ್ಲ ಅಂತಲ್ಲ. ಮೊದಲ ವರ್ಷ ಗಾಳಿ ಗುಡಾರವನ್ನೇ ಹೊತ್ತುಕೊಂಡು ಹೋಯಿತು. ಎರಡನೇ ವರ್ಷ ರಕ್ತ ಪರೀಕ್ಷೆಯ ಯಂತ್ರ ಚಳಿಗೆ ಸೆಟೆದು ಕೂತಿತು. ಈ ಸಲವೂ ನಲವತ್ತು ದಿನ ಪೂರೈಸದಿದ್ದರೆ ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆದರೆ ಪುಟ್ಟಿ, ಕೈ ಎಲ್ಲಿ ಸೋಲುತ್ತದೆ ಎಂದು ಕಂಡುಹಿಡಿಯಲು ಹೋದವಳು ನೀನು. ಸೋತ ಹಾಳೆಯನ್ನೇ ಬಚ್ಚಿಟ್ಟರೆ ಕಂಡುಹಿಡಿದಿದ್ದಾದರೂ ಏನು? ತಲೆನೋವು ಇದೆಯಾ, ನಿದ್ದೆ ಬರುತ್ತಾ ಅಂತ ಮೂರು ಕಾಗದದಲ್ಲಿ ಕೇಳಿದೆ. ಮೂರಕ್ಕೂ ನೀನು ಗಾಳಿಯ ವೇಗ ಬರೆದು ಕಳಿಸಿದೆ. ಗಾಳಿಗೆ ನಿದ್ದೆ ಬರುತ್ತಾ ಅಂತ ನಾನು ಕೇಳಿರಲಿಲ್ಲವಲ್ಲೇ!

ನನ್ನ ಪುಸ್ತಕದಲ್ಲಿ ಆ ಏಳು ದಿನಗಳ ಜಾಗ ಖಾಲಿ ಬಿಟ್ಟಿದ್ದೇನೆ. ಇದೇ ಅಂಚೆ ಚೀಲದಲ್ಲಿ ಕೆಳಗಿನ ಬಿಡಾರದ ದೊಡ್ಡ ಡಾಕ್ಟರಿಗೂ ಒಂದು ಕಾಗದವಿದೆ. ಚಾಡಿಕೋರ ಅಂತ ಬೈದುಕೋ. ಅವಳ ಕಾಗದವನ್ನು ಅವಳ ಕೈಗೆ ಮುಟ್ಟಿಸಿ ಒಂದು ಗಂಟೆ ಕಾಯಿರಿ, ತಾನಾಗಿಯೇ ಇಳಿಯುತ್ತಾಳೆ, ಇಳಿಯದಿದ್ದರೆ ಹೊತ್ತುಕೊಂಡಾದರೂ ತನ್ನಿ ಎಂದು ಬರೆಸಿದ್ದೇನೆ. ಆ ಒಂದು ಗಂಟೆ ನಿನ್ನ ಮರ್ಯಾದೆಗೆ. ಅದಕ್ಕಿಂತ ಹೆಚ್ಚು ಕೊಡಲು ನನ್ನ ಎದೆ ಗಟ್ಟಿಯಿಲ್ಲ.

ಬೋರ್ಡ್ ಬರೆಯುವ ಮುದುಕ ಇದನ್ನು ಹೇಗೆ ಹಿಡಿದ ಅನ್ನುತ್ತೀಯೇನೋ. ಹಾವಿನ ಹೆಜ್ಜೆ ಹಾವಿಗೇ ಗೊತ್ತು.

ನಿನ್ನ ದಾರಿ ಕಾಯುತ್ತಿರುವ
ಬೋರ್ಡ್ ಮಾವ

ತಾ.ಕ.: ಹಾವಿನ ಮಾತನ್ನು ಅರ್ಧಕ್ಕೇ ಬಿಟ್ಟೆ. ಕಳೆದ ಚಳಿಗಾಲದಿಂದ ನನ್ನ ಬಲಗೈ ನಡುಗುತ್ತಿದೆ. ಬ್ರಷ್ ಹಿಡಿದು ಎಂಟು ತಿಂಗಳಾಯಿತು. ನಿನಗೆ ಬಂದ ಆ ಮೂರು ಕಾಗದಗಳನ್ನು ಕೈ ಸುಮ್ಮನಿದ್ದ ಒಂದೇ ಬೆಳಗ್ಗೆ ಬರೆದು, ಬೇರೆ ಬೇರೆ ತಾರೀಕು ಹಾಕಿ, ಒಂದೊಂದಾಗಿ ಅಂಚೆಗೆ ಹಾಕಿದ್ದೆ. ಗೊತ್ತಾದರೆ ಅಳೆಯುವ ಕೆಲಸ ಕಿತ್ತುಕೊಳ್ಳುತ್ತೀಯ ಎಂಬ ಭಯ. ಇಬ್ಬರೂ ಒಂದೇ ಗರಡಿಯವರು, ಏನು ಮಾಡೋಣ. ಈ ಕಾಗದದಲ್ಲಿ ಮಾತು ನನ್ನದು, ಬರೆದ ಕೈ ನಿನ್ನ ಅಮ್ಮನದು. ಅವಳ ಅಕ್ಷರವನ್ನು ಮೊದಲ ಸಾಲಿನಲ್ಲೇ ಗುರುತಿಸಿದ್ದರೆ, ಸಾಮಾನು ಕಟ್ಟಿಕೊಂಡು ನಿಧಾನವಾಗಿ ಇಳಿದು ಬಾ. ಈ ಸಾಲಿಗೆ ಬರುವವರೆಗೂ ಗೊತ್ತಾಗಿರದಿದ್ದರೆ, ಸಾಮಾನು ಅಲ್ಲೇ ಬಿಡು, ಅಡುಗೆಯಣ್ಣನ ಕೈ ಹಿಡಿದುಕೊಂಡು ಈಗಲೇ ಇಳಿ.