ಕಿಮ್ಚಿಯೊಳಗಿನ ಹಸಿ ಸಿಂಪಿ

ಬುಸಾನ್, ಡಿಸೆಂಬರ್

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಮೊಮ್ಮಗಳು ಬೊಮಿಯ ವಾಂತಿ ನಿಂತಿದೆ. ಇವತ್ತು ಗಂಜಿ ಕುಡಿದು ಬಟ್ಟಲನ್ನೇ ಎಸೆದಳು, ಅಷ್ಟು ಶಕ್ತಿ ಬಂದಿದೆ.

"ಕಿಮ್ಚಿ ಉಪ್ಪಿನಕಾಯೀಲಿದ್ದ ಹಸಿ ಸಿಂಪಿ ಮಾಂಸಾನ ನಾನೇ ಕೈಯಾರೆ ತಿನ್ನಿಸಿದೆ, ಇನ್ನು ನಿಮ್ಮನೆಗೆ ಬರಲ್ಲ" ಎಂದು ಫೋನಿನಲ್ಲಿ ಅತ್ತಿರಿ. ಸೋಂಕು ಬಂದದ್ದು ಸಿಂಪಿಯಿಂದಲೋ ಶಿಶುವಿಹಾರದಿಂದಲೋ, ವೈದ್ಯರಿಗೇ ತಿಳಿಯದು. ಅಲ್ಲಿಯೂ ಅರ್ಧ ಮಕ್ಕಳಿಗೆ ಇದೇ ಸೋಂಕು. ನಾನು ಗಾಬರಿಯಲ್ಲಿ ಓಆರ್‌ಎಸ್ ಲವಣದ ನೀರನ್ನು ಲೋಟಗಟ್ಟಲೆ ಕುಡಿಸುತ್ತಿದ್ದಾಗ, "ಅವಳೇನು ಕುದುರೇನೇ? ಚಮಚದಲ್ಲಿ ಕೊಡೇ" ಎಂದು ಗದರಿದವರು ನೀವು. ಆಮೇಲೆಯೇ ಅವಳ ಹೊಟ್ಟೆಯಲ್ಲಿ ನೀರು ನಿಂತಿತು. ಆ ಉಪಕಾರ ಮರೆಯಲಾರೆ.

ಈ ವಾರ ಮಾತ್ರ ಬರಬೇಡಿ. ಕೋಪವಲ್ಲ, ಸೋಂಕು ನಿಮಗೂ ಅಂಟೀತೆಂಬ ಭಯ. ಇನ್ನೂ ಬ್ಲೀಚ್ ನೀರಿನಲ್ಲಿ ನೆಲ ಒರೆಸುತ್ತಿದ್ದೇನೆ.

ಮುಂದಿನ ವಾರ ತಪ್ಪದೆ ಬನ್ನಿ. ಸಿಂಪಿಯನ್ನೂ ತನ್ನಿ, ಬೇಯಿಸಿ ಎಲ್ಲರೂ ತಿನ್ನೋಣ.

ನಿಮ್ಮ ಸೊಸೆ,
ಸೊಲ್-ಹೀ