ಉಪ್ಪಿಲ್ಲದ ಹೋಳು

ಆರ್‌ಪಿಸಿ ಲೇಔಟ್, ಬೆಂಗಳೂರು
೩ ಜುಲೈ ೨೦೦೬, ಸೋಮವಾರ

ಪ್ರೀತಿಯ ಬಾಳೇಶನಿಗೆ, ಮುನಿಯಪ್ಪನ ನಮಸ್ಕಾರ.

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ಕೊಟ್ರಣ್ಣನ ನೆನಪಿನ ಸಭೆಗೆ ಹೋದದ್ದು ಇಷ್ಟು: ನನ್ನ ದೊಡ್ಡ ಶಾಮಿಯಾನ ಒಂದು, ಕುರ್ಚಿ ಇನ್ನೂರು (ವಾಪಸ್ ಬಂದದ್ದು ನೂರ ತೊಂಬತ್ತೇಳು), ಮೈಕ್ ಸೆಟ್ ಒಂದು, ನೀರಿನ ಡ್ರಮ್ಮು ಎರಡು, ಪುಳಿಯೋಗರೆ ಇನ್ನೂರೈವತ್ತು ತಟ್ಟೆ, ನಿಂಬೆಹಣ್ಣು ನೂರು, ಪುಡಿ ಉಪ್ಪು ಅರ್ಧ ಕಿಲೋ, ಆಮೇಲೆ ನನ್ನ ಒಂದು ವಾರದ ನಿದ್ದೆ. ಕೊನೆಯ ಬಾಬ್ತನ್ನು ಎಲ್ಲಿ ಬರೆದುಕೊಳ್ಳುವುದೋ ತಿಳಿಯದೆ ನಿನಗೆ ಬರೆಯುತ್ತಿದ್ದೇನೆ.

ಮೂರು ವರ್ಷದಿಂದ ಒಂದು ಸಾಲು ಬರೆದಿಲ್ಲ, ಬೈದುಕೋ. ಯುಗಾದಿಗೊಮ್ಮೆ ಫೋನು ಮಾಡಿ ಮಳೆ, ಬೆಲೆ, ಮಂಡಿನೋವು ಮಾತಾಡಿ ಇಟ್ಟುಬಿಡುತ್ತೇನೆ. ಈಗಲೂ ಫೋನು ಮಾಡಬಹುದಿತ್ತು. ಆದರೆ ಬಾಯಿ ತೆರೆದರೆ ನಿನ್ನನ್ನು ನಗಿಸಿ ನಾನು ತಪ್ಪಿಸಿಕೊಂಡುಬಿಡುತ್ತೇನೆ. ಕಾಗದದ ಮೇಲೆ ಅಷ್ಟು ಸುಲಭವಲ್ಲ. ಹೇಗೂ ಆಷಾಢ, ಮದುವೆಯಿಲ್ಲ, ಶಾಮಿಯಾನಗಳೆಲ್ಲ ಗೋಡೌನಿನಲ್ಲಿ ಮಲಗಿವೆ. ಮಲಗದೆ ಇರುವವನು ನಾನೊಬ್ಬನೇ.

ಶುಕ್ರವಾರ ಪಂಚಾಕ್ಷರಿ ನಿನ್ನ ಅಂಗಡಿಗೆ ಬರುತ್ತಾನೆ. ನೆನಪಿದೆಯಲ್ಲ, ನಾವು ಆಡುವಾಗ ಗೋಲಿನ ಹಿಂದೆ ನಿಂತು ತಗಡಿನ ಡಬ್ಬ ಬಡಿಯುತ್ತಿದ್ದವನು? ಈಗ ಲಗ್ಗೆರೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ಹೊಸದಾಗಿ ಮದುವೆಯಾದ ಮಗಳನ್ನು ಆಷಾಢಕ್ಕೆ ಕರೆತರಲು ಹಾವೇರಿಗೆ ಹೊರಟಿದ್ದಾನೆ. ದಾರಿಯಲ್ಲಿ ರಾಣೆಬೆನ್ನೂರಿನಲ್ಲಿ ಇಳಿದು ನಿನಗೊಂದು ಗಂಟು ಕೊಡುತ್ತಾನೆ. ಕೊಟ್ರಣ್ಣನ ನೀಲಿ ಜೆರ್ಸಿಯಲ್ಲಿ ಸುತ್ತಿದ ಒಂದು ನೋಟ್‌ಪುಸ್ತಕ. ಈ ಕಾಗದ ಆ ಗಂಟಿಗಿಂತ ಮುಂಚೆ ನಿನ್ನ ಕೈ ಸೇರಬೇಕು. ಅದಕ್ಕೇ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ.

ಕೊಟ್ರಣ್ಣ ಹೋದ ದಿನ ನಿನಗೆ ಫೋನು ಮಾಡಿದೆನಲ್ಲ, ಆಗ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನಾ ಬರಂಗಿಲ್ಲ ಮುನಿಯಾ. ಅವರ ಉಪ್ಪಿನ ಋಣ ಎಂಬತ್ನಾಲ್ಕರಾಗ ಮುಗದೈತಿ." ಆಗ ನಾನು "ಹೋಗಲಿ ಬಿಡು" ಅಂದೆ. ನನ್ನ ಬಾಯಲ್ಲಿ ಎಷ್ಟು ಸಲೀಸಾಗಿ ಬಂತು ನೋಡು ಆ ಮಾತು.

ಸಭೆಯ ವಿಷಯ ಹೇಳುತ್ತೇನೆ. ಆರನೇ ಬ್ಲಾಕಿನ ನಮ್ಮ ಹಳೆಯ ಮೈದಾನದಲ್ಲೇ ಹಾಕಿಸಿದೆ. ಅರ್ಧ ಮೈದಾನ ಈಗ ಪಾರ್ಕಾಗಿದೆ, ಪೆನಾಲ್ಟಿ ಏರಿಯಾದಲ್ಲಿ ಹಿರಿಯ ನಾಗರಿಕರು ಚಪ್ಪಾಳೆ ತಟ್ಟಿಕೊಂಡು ನಗುತ್ತಾರೆ. ಆದರೂ ಜನ ಬಂದರು. ಕಾರ್ಡ್ ರೋಡ್ ಫುಟ್‌ಬಾಲ್ ಕ್ಲಬ್ಬಿನ ಹಳೆಯ ಆಟಗಾರರು, ಇಂಡಸ್ಟ್ರಿಯಲ್ ಎಸ್ಟೇಟಿನ ರಿಟೈರಾದ ಫಿಟ್ಟರುಗಳು, ಪ್ರತಿ ಭಾನುವಾರ ಸೈಕಲ್ಲಿನ ಮೇಲೆ ನಿಂತು ಮ್ಯಾಚು ನೋಡುತ್ತಿದ್ದವರು. ಒಬ್ಬೊಬ್ಬರೂ ಎದ್ದು ಕೊಟ್ರಣ್ಣನ ಬಗ್ಗೆ ಮಾತಾಡಿದರು. ಹೆಬ್ಬೆರಳು ಮುರಿದುಕೊಂಡೇ ಇಡೀ ಮ್ಯಾಚು ಡಿಫೆನ್ಸ್ ಆಡಿದ್ದು, ಆಟ ಬಿಟ್ಟು ನಮ್ಮ ಟೀಮಿನ ಮ್ಯಾನೇಜರಾದ ಮೇಲೆ ತಮ್ಮ ಬೋನಸ್ಸಿನಲ್ಲಿ ಹುಡುಗರಿಗೆ ಬೂಟು ಕೊಡಿಸಿದ್ದು. ಗೋಲಿನ ಲೆಕ್ಕ ಮಾತ್ರ ಯಾರದ್ದೂ ತಾಳೆಯಾಗಲಿಲ್ಲ. ಬದುಕಿದ್ದಾಗ ಹೊಡೆದದ್ದಕ್ಕಿಂತ ನಾಲ್ಕೈದು ಹೆಚ್ಚು ಗೋಲನ್ನು ಅವರು ಸತ್ತ ಹದಿಮೂರು ದಿನಗಳಲ್ಲಿ ಹೊಡೆದಿದ್ದಾರೆ.

ನನ್ನ ಸರದಿ ಬಂತು. ನೂರು ನಿಂಬೆಹಣ್ಣು ತರಿಸಿದ್ದು ನನ್ನದೇ ತಲೆ. ಎಲ್ಲರ ಕೈಗೂ ಉಪ್ಪು ಹಚ್ಚಿದ ಅರ್ಧ ಹೋಳು ಕೊಡಿಸಿ, ಮೈಕ್ ಹಿಡಿದು, ಆಟಗಾರರಿಗೆ ಬಿಟ್ಟು ಬೇರೆಯವರಿಗೆ ಗೊತ್ತಿಲ್ಲದ ಗುಟ್ಟು ಬಿಚ್ಚಿದೆ. "ಹಾಫ್ ಟೈಮಲ್ಲಿ ಕೊಟ್ರಣ್ಣ ಹನ್ನೊಂದು ಹೋಳು ತಟ್ಟೇಲಿ ಜೋಡಿಸ್ತಿದ್ರು. ಹತ್ತಕ್ಕೆ ಉಪ್ಪು. ಯಾರನ್ನ ಹೊರಗೆ ಕೂರಿಸ್ಬೇಕೋ ಅವನ ಹೋಳಿಗೆ ಉಪ್ಪಿಲ್ಲ. ಬಾಯಿಗಿಟ್ಟ ತಕ್ಷಣ ಅವನಿಗೆ ಗೊತ್ತಾಗೋದು. ಸುಮ್ನೆ ಬೂಟಿನ ಲೇಸು ಬಿಚ್ಚಿ, ಕಾಲು ಹಿಡ್ಕೊಂಡಿದೆ ಅಂತ ಕೂತ್ಬಿಡೋನು. ನಿಮ್ಮೆದುರಿಗೆ ಯಾರಿಗೂ ಅವಮಾನ ಆಗ್ಬಾರ್ದು ಅಂತ."

ಸಭೆಯಲ್ಲಿ ನಗು ಎದ್ದಿತು. "ಅಯ್ಯೋ, ನಿನ್ ಕಾಲು ಯಾವಾಗ್ಲೂ ಸೆಕೆಂಡ್ ಹಾಫಲ್ಲೇ ಹಿಡ್ಕೊಳ್ತಿದ್ದಿದ್ದು ಇದಕ್ಕಾ ಗುರು?" ಎಂದು ಯಾರೋ ಹಳೆಯ ಗೋಲ್‌ಕೀಪರನ್ನು ಕಿಚಾಯಿಸಿದರು. ನನಗೋ ಚಪ್ಪಾಳೆಯ ಅಮಲು.

ಆಗ ಕೊಟ್ರಣ್ಣನ ಹೆಂಡತಿ ದಾನಮ್ಮಕ್ಕ ಎದ್ದು ಬಂದು ಆ ನೋಟ್‌ಪುಸ್ತಕವನ್ನು ನನ್ನ ಕೈಗಿಟ್ಟರು. "ಪ್ರತಿ ಮ್ಯಾಚಿಂದೂ ಬರದಾರ. ನಿನ್ನ ದನಿ ದೊಡ್ಡದೈತಿ, ನೀನ ಓದಪ್ಪಾ."

ತೆರೆದು ನೋಡಿದೆ. ಒಂದೊಂದು ಮ್ಯಾಚಿಗೆ ಒಂದೊಂದು ಪುಟ. ತಾರೀಖು, ಎದುರಾಳಿ, ಹನ್ನೊಂದು ಹೆಸರು. ಹೆಸರಿನ ಮುಂದೆ ‘ಉ’ ಎಂದಿದ್ದರೆ ಉಪ್ಪು, ಸೊನ್ನೆ ಇದ್ದರೆ ಇಲ್ಲ. ನಾನು ಓದುತ್ತ ಹೋದೆ, ಸೊನ್ನೆ ಬಿದ್ದವರೆಲ್ಲ ಎದ್ದು ನಿಂತು ಕೈಮುಗಿದು ನಗುತ್ತ ಹೋದರು. ಅದೊಂದು ಆಟವೇ ಆಗಿಬಿಟ್ಟಿತು. ನಾನು ಮಾತ್ರ ಎಂಬತ್ತೆರಡು ಮುಗಿದು ಎಂಬತ್ಮೂರು ಶುರುವಾಗುತ್ತಲೇ ಒಂದೊಂದು ಹೆಸರನ್ನೂ ಎಳೆದೆಳೆದು ಓದತೊಡಗಿದೆ. ಅಷ್ಟು ಹೊತ್ತಿಗೆ ಹಿಂದಿನಿಂದ ಪಂಚಾಕ್ಷರಿ ಕೂಗಿದ: "ಎಂಬತ್ನಾಲ್ಕರ ಫೈನಲ್ ಓದಣ್ಣ. ಬಾಳೇಶನ್ನ ಕೂರ್ಸಿ ನಿನ್ನ ಇಳಿಸಿದ್ರಲ್ಲ, ಆ ಪುಟ."

ಆ ಫೈನಲ್ಲನ್ನು ನಿನಗೆ ನೆನಪಿಸುವ ಅಗತ್ಯವಿಲ್ಲ. ಆದರೂ ಬರೆಯುತ್ತೇನೆ, ನನ್ನ ಕೈಯಲ್ಲೇ ಬರೆದದ್ದು ಇರಲಿ. ಛತ್ರಿಯ ಕೆಳಗೆ ಕೂತಿದ್ದ ಇಬ್ಬರು ಕಾರ್ಖಾನೆಯವರು ತಮ್ಮ ಟೀಮಿಗೆ ಒಬ್ಬನನ್ನು ಆರಿಸಲು ಬಂದಿದ್ದರು. ಒಬ್ಬನಿಗೆ ಮಾತ್ರ ಪರ್ಮನೆಂಟ್ ಕೆಲಸ. ಫಸ್ಟ್ ಹಾಫಿನಲ್ಲಿ ನೀನು ಬಲಗಡೆಯ ಲೈನಿನಲ್ಲಿ ಓಡಿದ ಓಟಕ್ಕೆ ಅವರಲ್ಲೊಬ್ಬ ಎದ್ದು ನಿಂತಿದ್ದ. ನಾನು ರಿಸರ್ವ್, ಟವೆಲ್ಲು ಹೆಗಲ ಮೇಲೆ. ಹಾಫ್ ಟೈಮಿನಲ್ಲಿ ನಿನ್ನ ಹೋಳು ಸಪ್ಪೆಯಾಗಿತ್ತು. ನೀನು ಲೇಸು ಬಿಚ್ಚಿದೆ. ನಾನು ಒಳಗೆ ಹೋದೆ. ಚೆಂಡು ನನ್ನ ಮೊಣಕಾಲಿಗೆ ಬಡಿದು ತಾನಾಗಿಯೇ ಗೋಲಿನೊಳಗೆ ಹೋಯಿತು. ಇಪ್ಪತ್ತೆರಡು ವರ್ಷ ಹೇಳಿ ಹೇಳಿ ನಾನು ಅದನ್ನು ಗಾಳಿಯಲ್ಲೇ ಒದ್ದ ವಾಲಿ ಮಾಡಿದ್ದೇನೆ. ಕೆಲಸ ನನಗೆ ಸಿಕ್ಕಿತು. ಮುಂದಿನ ತಿಂಗಳು ನೀನು ಕಾಮಾಕ್ಷಿಪಾಳ್ಯದ ರೂಮು ಖಾಲಿ ಮಾಡಿದೆ. ಹೊರಡುವಾಗ ನೀನು ಕೊಟ್ರಣ್ಣನಿಗೆ ಉಪ್ಪಿನ ಋಣದ ಆ ಮಾತು ಅಂದೆ. ಅವರು ನಿನ್ನ ಟ್ರಂಕು ಎತ್ತಿ ಆಟೋದಲ್ಲಿಟ್ಟರು. ನಾನು ಅಲ್ಲೇ ನಿಂತಿದ್ದೆ.

ಮೈಕಿನ ಮುಂದೆ ಆ ಪುಟ ತೆರೆದಾಗ ನಾನು ಓದಿದ್ದು: "ಬಾಳೇಶ, ಸೊನ್ನೆ." ಜನ "ಛೆ" ಅಂದರು. ಆದರೆ ಪುಟದಲ್ಲಿ ಸೊನ್ನೆಯೇ ಇರಲಿಲ್ಲ ಬಾಳೇಶ. ಹನ್ನೊಂದು ಹೆಸರಿಗೂ ‘ಉ’ ಇತ್ತು. ನಿನ್ನ ಹೆಸರಿಗೂ.

ಪುಸ್ತಕ ಮುಚ್ಚಿ ದಾನಮ್ಮಕ್ಕನಿಗೆ ಕೊಟ್ಟೆ. ಅವರು ನನ್ನನ್ನೇ ನೋಡಿದರು. ಮೈಕಿಗೆ ಕೇಳಿಸದಷ್ಟು ಮೆಲ್ಲಗೆ ಅಂದರು: "ನಿನ್ನ ಕಣ್ಣಿಗ ಚಾಳೀಸು ಬಂದಂಗ ಕಾಣತೈತಿ ತಮ್ಮಾ. ಇರಲಿ. ಇದನ್ನ ಬಾಳೇಶಗ ಮುಟ್ಟಸು ಅಂತ ಅವರು ನನಗ ಹೇಳಿ ಹೋಗ್ಯಾರ. ಮುಂಚೆ ನಿನ್ನ ಕಡೆಯಿಂದ ಒಂದು ಸಲ ಓದಸು ಅಂತನೂ ಹೇಳಿದ್ರು."

ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ದಾನಮ್ಮಕ್ಕ ಗಂಟನ್ನು ಪಂಚಾಕ್ಷರಿಯ ಕೈಗೆ ಕೊಟ್ಟಿದ್ದಾರೆ ಎಂದು ತಿಳಿದ ಕೂಡಲೇ ಅವನಿಗೆ ಫೋನು ಮಾಡಿ, "ನಾನೇ ಕೊರಿಯರ್ ಮಾಡ್ತೀನಿ, ನಿನಗ್ಯಾಕೆ ತೊಂದರೆ" ಅಂದೆ. "ಬೇಡ ಗುರು, ಅಕ್ಕ ಕೈಗೇ ಕೊಡು ಅಂದವ್ರೆ" ಅಂದ. ಶನಿವಾರ ಬೆಳಗ್ಗೆ ರಾಗಿ ಡಬ್ಬ ಹೊತ್ತುಕೊಂಡು ಅವನ ಗಿರಣಿಗೆ ಹೊರಟೆ. ಹದಿನೈದು ವರ್ಷದಿಂದ ನಾನು ಗಿರಣಿಯ ಮುಖ ನೋಡಿರಲಿಲ್ಲ. ನನ್ನ ಹೆಂಡತಿ ವೆಂಕಟಲಕ್ಷ್ಮಮ್ಮ ಬಾಗಿಲಲ್ಲೇ ತಡೆದಳು. "ಮನೇಲಿ ಹಿಟ್ಟು ಇನ್ನೂ ವಾರಕ್ಕಾಗತ್ತೆ. ಪಕ್ಕದ ರಸ್ತೇಲೇ ಮಿಲ್ಲಿದೆ. ಲಗ್ಗೆರೆಗ್ಯಾಕ್ರೀ?" ಅಂದಳು. "ಅಲ್ಲಿ ನುಣ್ಣಗೆ ಬೀಸ್ತಾನೆ" ಅಂದೆ. ಅವಳು ಡಬ್ಬವನ್ನೂ ನೋಡಿದಳು, ನನ್ನ ಇಸ್ತ್ರಿ ಶರ್ಟನ್ನೂ ನೋಡಿದಳು.

ಗಂಟು ಹಿಟ್ಟಿನ ಚೀಲಗಳ ಮೇಲಿನ ಶೆಲ್ಫಿನಲ್ಲಿತ್ತು. ಪಂಚಾಕ್ಷರಿ ರಾಗಿ ಸುರಿದು, ಮೆಷಿನ್ನು ಹಾಕಿ, ಚೀಟಿ ಬರೆಯಲು ಆಚೆ ಹೋದ. ನಾನು ಗಂಟು ಬಿಚ್ಚಿದೆ. ಸುಳ್ಳೇಕೆ, ಆ ಹಾಳೆ ಹರಿಯಲೆಂದೇ ಹೋಗಿದ್ದೆ. ಒಂದು ಹಾಳೆ. ಹರಿದರೆ ಮೆಷಿನ್ನಿನ ಸದ್ದಿನಲ್ಲಿ ಗೊತ್ತಾಗುವುದೂ ಇಲ್ಲ. ಹೆಬ್ಬೆರಳು ಹಾಳೆಯ ಬುಡದಲ್ಲಿತ್ತು. ಆಗ ಕಂಡಿತು, ಮೈಕಿನ ಮುಂದೆ ಅವಸರದಲ್ಲಿ ನಾನು ಕಾಣದಿದ್ದದ್ದು. ಹೆಸರುಗಳ ಕೆಳಗೆ, ಬೇರೆ ಇಂಕಿನಲ್ಲಿ, ಎರಡು ಸಾಲು.

ಓದಿದೆ. ಮತ್ತೆ ಗಂಟು ಕಟ್ಟಿ ಅಲ್ಲೇ ಇಟ್ಟೆ. ಬೆರಳಿಗೆ ಹಿಟ್ಟು ಮೆತ್ತಿತ್ತು; ಆ ಪುಟದ ಅಂಚಿನಲ್ಲಿ ಬಿಳಿ ಗುರುತು ಕಂಡರೆ ಅದು ನನ್ನದು.

ಪಂಚಾಕ್ಷರಿ ಬಂದು ನನ್ನ ಮುಖ ನೋಡಿ, "ಯಾಕ್ ಗುರು, ಧೂಳು ಕಣ್ಣಿಗೆ ಹೋಯ್ತಾ?" ಅಂದ. ಹೌದು ಅಂದೆ. ಆ ಒಂದು ಸುಳ್ಳನ್ನು ನನಗೆ ಬಿಟ್ಟುಕೊಡು.

ಬೇರೆ ಸುದ್ದಿ ಏನೂ ಇಲ್ಲ. ನಿನ್ನೆ ಬ್ರೆಜಿಲ್ ಸೋತಿದ್ದಕ್ಕೆ ನಮ್ಮ ಗೋಡೌನಿನ ಹುಡುಗರು ಕೆಲಸಕ್ಕೇ ಬರಲಿಲ್ಲ. ನಿನ್ನ ಅಂಗಡಿಯ ಲೇತ್ ಮೆಷಿನ್ನು ಹೇಗಿದೆ? ನಿನ್ನ ಹೆಂಡತಿಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಮಗಳು ಗುರುದೇವಿ ಪಿಯುಸಿಯಲ್ಲಿ ಫಸ್ಟ್ ಕ್ಲಾಸು ಬಂದಳೆಂದು ಕೇಳಿ ಸಂತೋಷವಾಯಿತು. ಅವಳಿಗೆ ಈ ದೊಡ್ಡಪ್ಪನ ಆಶೀರ್ವಾದ ಹೇಳು. ದೊಡ್ಡಪ್ಪ ಅನ್ನಿಸಿಕೊಳ್ಳುವುದೋ ಬೇಡವೋ ಎಂಬುದನ್ನು ಕೆಳಗಿನದನ್ನು ಓದಿದ ಮೇಲೆ ನೀನೇ ತೀರ್ಮಾನಿಸು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತು,
ಮುನಿಯಪ್ಪ

ತಾ.ಕ.: ಆ ದಿನ ಕೊಟ್ರಣ್ಣ ಹನ್ನೊಂದು ಹೋಳಿಗೂ ಉಪ್ಪು ಹಚ್ಚಿ, ಪೊಸಿಷನ್ನಿನ ಪ್ರಕಾರ ತಟ್ಟೆಯಲ್ಲಿಟ್ಟು, "ಹಂಚು" ಎಂದು ನನ್ನ ಕೈಗೆ ಕೊಟ್ಟು ರೆಫ್ರಿಯ ಹತ್ತಿರ ಹೋದರು. ನಿನ್ನ ಹೋಳು ಬಲಗಡೆಯ ತುದಿಯದು. ನಾನು ಅದನ್ನು ನನ್ನ ಚಡ್ಡಿಗೆ ಒರೆಸಿ ನಿನಗೆ ಕೊಟ್ಟೆ. ಅವರು ತಿರುಗಿ ಬರುವಷ್ಟರಲ್ಲಿ ನೀನು ಬೂಟು ಬಿಚ್ಚಿ ಕೂತಿದ್ದೆ, ನಾನು ಮೈದಾನಕ್ಕಿಳಿಯಲು ಲೈನಿನಲ್ಲಿ ಕುಣಿಯುತ್ತಿದ್ದೆ. ನಿನ್ನ ಕಾಲು ನಿಜವಾಗಿಯೂ ಹಿಡಿದುಕೊಂಡಿದೆ ಎಂದು ಅವರು ಅಂದುಕೊಂಡಿರಬೇಕು. ಮ್ಯಾಚು ಮುಗಿದು ಜನ ನನ್ನನ್ನು ಹೆಗಲ ಮೇಲೆ ಎತ್ತಿದಾಗ ಕೊಟ್ರಣ್ಣ ನನ್ನ ಚಡ್ಡಿಯನ್ನೇ ನೋಡಿದರು. ನೀಲಿ ಬಟ್ಟೆಯ ಮೇಲೆ ಉಪ್ಪು ಒಣಗಿ ಬೆಳ್ಳಗೆ ಕೂತಿತ್ತು. ಅವರಿಗೆ ಗೊತ್ತಾಯಿತೆಂದು ನನಗೆ ಗೊತ್ತಾಯಿತು. ಅಷ್ಟು ವರ್ಷವೂ ಅವರು ಕೇಳಲಿಲ್ಲ. ಅವರು ಕೇಳಲಿಲ್ಲವೆಂದು ನಾನು ಹೇಳಲಿಲ್ಲ.

ಆ ಎರಡು ಸಾಲು ಇವು: "ಬಾಳೇಶನಿಗೂ ಉಪ್ಪು ಹಚ್ಚಿದ್ದೆ. ಮುನಿಯ ತಾನಾಗಿ ಹೇಳಲಿ, ಅಲ್ಲೀತನಕ ಬಾಳೇಶ ನನ್ನನ್ನೇ ಬೈಯಲಿ."

ಇನ್ನು ಯಾರಿಗೆ ಏನು ಸಿಕ್ಕಿತು ಎಂಬ ಲೆಕ್ಕ. ಕ್ಲಬ್ಬಿಗೆ ಒಂದು ಕಪ್ಪು. ನನಗೆ ಒಂದು ಗೋಲು, ಎಂಟು ವರ್ಷದ ಕೆಲಸ, ಅದನ್ನು ಬಿಟ್ಟಾಗ ಬಂದ ಹಣದಲ್ಲಿ ಮೊದಲ ಶಾಮಿಯಾನ. ಕೊಟ್ರಣ್ಣನಿಗೆ ಇಪ್ಪತ್ತೆರಡು ವರ್ಷ ನಿನ್ನ ಬೈಗುಳ. ನಿನಗೆ ಅರ್ಧ ನಿಂಬೆಹಣ್ಣು.