ತಾಳೆಯಾಗದ ಮೊದಲ ಪ್ರಶ್ನೆ

ಮನೆಯಿಂದ,
ಗುರುವಾರ, ಇಳಿಹೊತ್ತು

ನನ್ನ ಬಂಗಾರದಂಥ ಮಗನಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯಪ್ಪ? ಬೆನ್ನುನೋವು ಇಳಿಯಿತೇ? ಸುರಂಗದ ಕೆಲಸವೆಂದು ಊಟ ತಪ್ಪಿಸಬೇಡ. ನಾನು ಹೊಲಿದು ಕಳಿಸಿದ ದಪ್ಪ ಅಂಗಿಯನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡ, ಹಾಕಿಕೋ. ನಿನ್ನ ಬೆಟ್ಟದ ಮೇಲೆ ಫೋನು ಸಿಗುವುದಿಲ್ಲ. ಭಾನುವಾರ ಕೆಳಗಿಳಿದು ಫೋನು ಮಾಡಿದರೂ ನೀನು ಆಡುವುದು ಎರಡೇ ಮಾತು. ಅದಕ್ಕೇ ನಾಳೆ ಬೆಳಿಗ್ಗೆ ನಿಮ್ಮಲ್ಲಿಗೆ ಸಾಮಾನು ತರುವ ಲಾರಿಯವನ ಕೈಲಿ ಇದನ್ನು ಕಳಿಸುತ್ತಿದ್ದೇನೆ. ನಾನು ಆರಾಮ. ನಿನ್ನ ಹೆಂಡತಿಯ ಲೆಕ್ಕಪರಿಶೋಧಕರ ಪರೀಕ್ಷೆಯ ಫಲಿತಾಂಶ ಇವತ್ತು. ಅವಳೋ ಕೆಲಸ ಮುಗಿಸಿಕೊಂಡು ನೋಡುತ್ತೇನೆ ಎಂದು ಎಂದಿನಂತೆ ಆಡಿಟರ್ ಆಫೀಸಿಗೆ ಹೋಗಿದ್ದಾಳೆ. ನನಗೆ ಸೂಜಿಗೆ ದಾರ ಪೋಣಿಸಲೂ ಆಗುತ್ತಿಲ್ಲ, ಪೆನ್ನು ಹಿಡಿದು ಕೂತಿದ್ದೇನೆ.

ಹೋದ ಸಲ ಅವಳು ಫೇಲಾದದ್ದು ಓದದೆ ಅಲ್ಲ, ಅದು ನಿನಗೆ ನೆನಪಿರಲಿ. ಮೊದಲ ಪ್ರಶ್ನೆಯ ಬ್ಯಾಲೆನ್ಸ್ ಶೀಟಿನ ಎರಡು ಕಡೆಯ ಮೊತ್ತ ತಾಳೆಯಾಗಲಿಲ್ಲ. ಎಲ್ಲಿ ತಪ್ಪಿತು ಎಂದು ಹುಡುಕುತ್ತಲೇ ಕೂತಳು. ತಪ್ಪು ಸಿಕ್ಕಿತು, ಅಷ್ಟರಲ್ಲಿ ಗಂಟೆ ಹೊಡೆಯಿತು, ಗೊತ್ತಿದ್ದ ಉತ್ತರಗಳೆಲ್ಲ ತಲೆಯಲ್ಲೇ ಉಳಿದವು. ನೀನು ಹೊರಡುವಾಗ ಬಾಗಿಲಲ್ಲಿ ನಿಂತು, "ಇದೊಂದ್ ಸಲ ನೋಡು, ಆಗ್ಲಿಲ್ಲ ಅಂದ್ರೆ ಬಿಟ್ಬಿಡು" ಅಂದೆ. ಸಮಾಧಾನ ಹೇಳಿದೆನೆಂದು ಹೊರಟುಹೋದೆ. ಆಮೇಲೆ ಅವಳ ಮುಖ ನೋಡಿದವಳು ನಾನು.

ಆಮೇಲಿನ ಅವಳ ಓದನ್ನು ನೀನು ನೋಡಬೇಕಿತ್ತು! ಪುಸ್ತಕ ತೆರೆಯುವುದು ಕಡಿಮೆ, ಮುಚ್ಚಿಟ್ಟು ಹೇಳುವುದು ಹೆಚ್ಚು. ನನ್ನ ಹೊಲಿಗೆ ಯಂತ್ರದ ಎದುರು ಸ್ಟೂಲು ಎಳೆದುಕೊಂಡು ಪಾಠ ಒಪ್ಪಿಸುವಳು. ನನಗೋ ಅದು ಕಬ್ಬಿಣದ ಕಡಲೆ. ನಡುನಡುವೆ ಯಾಕೆ ಎಂದು ಕೇಳುತ್ತಿದ್ದೆ, ಅಷ್ಟೇ ನನ್ನ ಪಾಂಡಿತ್ಯ. ಎಲ್ಲಿ ತಡವರಿಸಿದಳೋ ಅದನ್ನೇ ಮರುದಿನ ಮತ್ತೆ ಹಿಡಿಯುವಳು. ಸವಕಳಿ ಅಂದರೇನೆಂದು ತಿಳಿಸಲು ನನ್ನ ಯಂತ್ರದ ಬೆಲೆಯನ್ನೇ ಇಳಿಸುತ್ತ ಇಳಿಸುತ್ತ ಸೊನ್ನೆಗೆ ತಂದಾಗ ಮಾತ್ರ ನನಗೆ ಸಿಟ್ಟು ನೆತ್ತಿಗೇರಿತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಅಡುಗೆಮನೆಯ ಗಡಿಯಾರ ಎದುರಿಗಿಟ್ಟುಕೊಂಡು ಬರೆದಳು. ಮೊದಲು ಪತ್ರಿಕೆ ಪೂರ್ತಿ ಓದುವುದು, ಅಂಕಕ್ಕೆ ತಕ್ಕಷ್ಟೇ ಹೊತ್ತು ಕೊಡುವುದು, ಲೆಕ್ಕ ಮಾಡಿದ ದಾರಿಯನ್ನೂ ಬರೆದು ತೋರಿಸುವುದು. ಕೊನೆಯ ಮೊತ್ತ ತಪ್ಪಿದರೂ ದಾರಿಗೆ ಅಂಕ ಉಂಟಂತೆ. ಹೊತ್ತು ಮುಗಿದಾಗ ನಾನು ಕತ್ತರಿಯಿಂದ ಮೇಜು ಕುಟ್ಟಬೇಕು, ಅವಳು ಜಾಗ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಬೇಕು. ಮೊದಮೊದಲು ಒಂದೇ ನಿಮಿಷ ಅತ್ತೆ ಎಂದು ಗೋಗರೆಯುತ್ತಿದ್ದಳು, ನಾನು ಹಾಳೆ ಕಿತ್ತುಕೊಳ್ಳುತ್ತಿದ್ದೆ. ಕಾಜಾ ಹಾಕದ ಅಂಗಿಯನ್ನು ಯಾರಿಗೂ ಕೊಟ್ಟವಳಲ್ಲ ನಾನು. ಅರ್ಧ ಬಿಟ್ಟ ಲೆಕ್ಕ ಕಂಡರೆ ನನ್ನ ಕೈಯೇ ತುರಿಸುತ್ತಿತ್ತು, ಅವಳಿಗೆ ಹೇಗಾಗಿರಬೇಡ ಹೇಳು. ಬರುಬರುತ್ತ ನಾನು ಕುಟ್ಟುವ ಮೊದಲೇ ಹಾಳೆ ತಿರುವುವುದನ್ನು ಕಲಿತಳು.

ಪರೀಕ್ಷೆಯ ದಿನ ಗೇಟಿನ ಹೊರಗೆ ಕಾದಿದ್ದೆ. ಹೊರಬಂದವರೆಲ್ಲ ತಾಳೆಯಾಯಿತಾ ಎಂದು ಒಬ್ಬರನ್ನೊಬ್ಬರು ಕೇಳುತ್ತ ನಿಂತಿದ್ದರು. ಇವಳು ನೆಟ್ಟಗೆ ನನ್ನ ಹತ್ತಿರ ಬಂದು, "ಮೊದಲ್ನೇದು ಈ ಸಲಾನೂ ತಾಳೆ ಆಗ್ಲಿಲ್ಲ ಅತ್ತೆ. ಬಿಟ್ಟು ಮುಂದಕ್ಕೆ ಹೋದೆ. ಮಿಕ್ಕಿದ್ದೆಲ್ಲ ಬರ್ದೆ" ಅಂದಳು. ಅಯ್ಯೋ, ಮತ್ತೆ ಅದೇನಾ ಅಂದೆ ನಾನು. ಅವಳು ಮಾತ್ರ ಹಸಿವಾಗುತ್ತಿದೆ ಅಂದಳು. ಅಂದಿನಿಂದ ಆ ಪ್ರಶ್ನೆಯನ್ನು ಮನೆಯಲ್ಲಿ ಮತ್ತೆ ಮಾಡಿ ನೋಡಿಲ್ಲ, ಪುಣ್ಯಾತ್ಗಿತ್ತಿ! ಅಂಥ ಗಟ್ಟಿತನ ನಿನಗೂ ಇಲ್ಲ, ನನಗೂ ಇಲ್ಲ. ಫಲಿತಾಂಶ ಏನೇ ಬರಲಿ, ನನ್ನ ಸೊಸೆ ಗೆದ್ದಳು ಎಂದು ಬರೆಯೋಣ ಅಂದುಕೊಂಡೆ. ಆದರೆ ಸುಳ್ಳು ಯಾಕೆ, ಅವಳು ಪಾಸಾಗಲೇಬೇಕು.

ಗೇಟಿನ ಸದ್ದಾಯಿತು, ಏಳುತ್ತೇನೆ. ಮೈ ಜೋಪಾನ. ಜೊತೆಯವರನ್ನೆಲ್ಲ ಕೇಳಿದೆನೆಂದು ಹೇಳು. ನೂರ್ಕಾಲ ತಣ್ಣಗಿರು.

ನಿನ್ನ ಬಾಯಿಬಡುಕಿ
ಅಮ್ಮ

ಮರೆಯುವ ಮುಂಚೆ: ಪಾಸು ಕಣೋ! ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಇಬ್ಬರೂ ಹೊಸ್ತಿಲ ಮೇಲೇ ಕೂತು ಅತ್ತುಬಿಟ್ಟೆವು. ಭಾನುವಾರ ನಿನಗೆ ತಾನೇ ಹೇಳಬೇಕಂತೆ. ಏನೂ ತಿಳಿಯದವನ ಹಾಗೆ ಫೋನು ಹಿಡಿ. ಅವಳು ಹೇಳಿದ ಮೇಲೆ "ನೀನು ಪಾಸಾಗ್ತೀಯ ಅಂತ ನಂಗೆ ಮೊದ್ಲೇ ಗೊತ್ತಿತ್ತು" ಅಂತ ಮಾತ್ರ ಅನ್ನಬೇಡ. ನಿನಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಆಡಿದ ಆ ಒಂದು ಮಾತನ್ನು ವಾಪಸು ತಗೋ, ಅಷ್ಟು ಸಾಕು.